ಕೊಡಪಾನ ಎತ್ತುವಾಗ ಉಸಿರು ಎಲ್ಲಿರುತ್ತದೆ?

ಸೀನು ಬರುವ ಸೂಚನೆ ಸಿಕ್ಕಿದ ಕೂಡಲೇ ಎರಡೂ ಕಾಲು ಹೆಣೆದುಕೊಂಡು, ಪಕ್ಕದ ಗೋಡೆಯನ್ನೋ ಕುರ್ಚಿಯನ್ನೋ ಹಿಡಿದು ನಿಲ್ಲುವ ಹೆಂಗಸರನ್ನು ನೀವು ನೋಡಿರುತ್ತೀರಿ. ನೋಡಿಲ್ಲ ಅಂದರೆ ಗಮನಿಸಿಲ್ಲ, ಅಷ್ಟೆ. ನಮ್ಮ ಮುಂಡಾಜೆ ಕಡೆ ಮದುವೆ, ಪೂಜೆ, ಭಜನೆ ಅಂತ ಹತ್ತು ಹೆಂಗಸರು ಸೇರಿದಲ್ಲೆಲ್ಲ ನಾನಿದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. "ಸಾಕು ಮಾರಾಯ್ತಿ, ಇನ್ನು ನಗಿಸ್ಬೇಡ" ಎಂದು ಬಚ್ಚಲ ಕಡೆ ಓಡುವ ಅತ್ತೆ, ಶೀತವಾದರೆ ನಾಲ್ಕು ದಿನ ಯಾರ ಮನೆಗೂ ಹೋಗದ ದೊಡ್ಡಮ್ಮ. ಎಲ್ಲರೂ ಅದನ್ನು ತಮಾಷೆ ಎಂದೋ, ಹೆತ್ತವರ ಹಣೆಬರಹ ಎಂದೋ ಬಿಟ್ಟುಬಿಟ್ಟಿದ್ದರು. ಅದು ಸ್ನಾಯುವಿನ ವಿಷಯ, ಅದಕ್ಕೆ ಚಿಕಿತ್ಸೆ ಉಂಟು, ನಾವು ಉಸಿರಾಡುವ ರೀತಿಗೂ ಅದಕ್ಕೂ ಸಂಬಂಧ ಉಂಟು ಅಂತ ನನಗೆ ಗೊತ್ತಾದದ್ದು ಹೆರಿಗೆಯಾಗಿ ನಾಲ್ಕು ತಿಂಗಳ ಮೇಲೆ. ವಿಡಿಯೋ ಕಾಲ್‌ನಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಕೇಳಿದ ಪ್ರಶ್ನೆ ಇಷ್ಟೇ: "ಮಗುವನ್ನು ಎತ್ತುವಾಗ ನಿಮ್ಮ ಉಸಿರು ಎಲ್ಲಿರುತ್ತದೆ?"

ಇಂಥದ್ದನ್ನು ಯಾರು ಗಮನಿಸುತ್ತಾರೆ? ಅವತ್ತು ಸಂಜೆ ಅಮ್ಮ ಬಾವಿಕಟ್ಟೆಯಿಂದ ಕೊಡಪಾನ ಎತ್ತುವುದನ್ನು ಬೇಕೆಂದೇ ನಿಂತು ನೋಡಿದೆ. ಬಾಯಿ ಮುಚ್ಚಿ, ದಮ್ಮು ಹಿಡಿದು ಎತ್ತಿದಳು. ಕೊಡ ಸೊಂಟಕ್ಕೆ ಬಂದ ಮೇಲೆ "ಉಸ್ಸ್" ಎಂದು ಬಿಟ್ಟಳು. ಉಸಿರು ಬಿಡಬೇಕಾದದ್ದು ಒಂದು ಕ್ಷಣ ಮೊದಲು.

ಆ ಒಂದು ಕ್ಷಣದಿಂದ ಏನು ವ್ಯತ್ಯಾಸ ಆಗುತ್ತದೆ ಎಂದು ತಿಳಿಯಲು ಹೊಟ್ಟೆಯೊಳಗಿನ ರಚನೆಯನ್ನು ಸ್ವಲ್ಪ ನೋಡಬೇಕು.

ಮೇಲೊಂದು ಮುಚ್ಚಳ, ಕೆಳಗೊಂದು ತಳ

ಪೆಲ್ವಿಕ್ ಫ್ಲೋರ್‌ಗೆ ಪಠ್ಯಪುಸ್ತಕದ ಕನ್ನಡದಲ್ಲಿ ಶ್ರೋಣಿ ತಳ ಎನ್ನಬಹುದು. ಮಾತಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ, ಹೇಳಿದರೂ ಅರ್ಥ ಆಗುವುದಿಲ್ಲ. ಇಲ್ಲಿ ತಳದ ಸ್ನಾಯು ಎನ್ನೋಣ. ಮುಂದೆ ಹೊಟ್ಟೆಯ ಕೆಳಗಿನ ಗಟ್ಟಿ ಎಲುಬಿನಿಂದ ಹಿಂದೆ ಬಾಲದೆಲುಬಿನವರೆಗೆ, ಸೀರೆ ಕಟ್ಟಿದ ಜೋಕಾಲಿ ತೊಟ್ಟಿಲಿನ ಹಾಗೆ ಹರಡಿಕೊಂಡಿರುವ ಸ್ನಾಯುಗಳ ಗುಂಪು ಇದು. ಮೂತ್ರಕೋಶ, ಗರ್ಭಕೋಶ, ಮಲಕೋಶ ಮೂರೂ ಇದರ ಮೇಲೆ ಕುಳಿತಿವೆ. ಮೂತ್ರದ ದಾರಿ, ಯೋನಿ, ಗುದದ್ವಾರ ಮೂರೂ ಇದರ ಮೂಲಕವೇ ಹೊರಗೆ ಬರುತ್ತವೆ. ಭಾರ ಹೊರುವುದು, ಬೇಕಾದಾಗ ಬಾಗಿಲು ಮುಚ್ಚುವುದು, ಬೇಕಾದಾಗ ತೆರೆಯುವುದು ಎಲ್ಲ ಇದರದ್ದೇ ಕೆಲಸ. ಗಂಡಸರಿಗೂ ಇದು ಉಂಟು. ಆದರೆ ಹೆಂಗಸರಲ್ಲಿ ದಾರಿ ಮೂರು, ಅದರಲ್ಲೊಂದು ಮಗು ಬರುವಷ್ಟು ಹಿಗ್ಗಬೇಕು. ಹಾಗಾಗಿ ಪೆಟ್ಟು ಬೀಳುವುದು ಇಲ್ಲೇ ಹೆಚ್ಚು.

ಮೇಲಿನ ತುದಿಯಲ್ಲಿ ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ಸ್ನಾಯು. ಹೈಸ್ಕೂಲಿನಲ್ಲಿ 'ವಪೆ' ಎಂದು ಓದಿ, ಚಿತ್ರ ಬರೆದು, ಪರೀಕ್ಷೆಯಾದ ಮೇಲೆ ಮರೆತದ್ದು ನೆನಪಿದೆಯಲ್ಲ, ಅದೇ. ಬಿಡಿಸಿದ ಕೊಡೆಯ ಆಕಾರ ಅದರದ್ದು. ಉಸಿರು ಎಳೆದಾಗ ಕೊಡೆ ಚಪ್ಪಟೆಯಾಗಿ ಕೆಳಗಿಳಿಯುತ್ತದೆ. ಸುಮ್ಮನೆ ಕುಳಿತು ಉಸಿರಾಡುವಾಗ ಈ ಇಳಿತ ಒಂದೆರಡು ಸೆಂಟಿಮೀಟರ್ ಅಷ್ಟೆ, ದೀರ್ಘವಾಗಿ ಎಳೆದರೆ ಇನ್ನೂ ಹೆಚ್ಚು. ವಪೆ ಕೆಳಗೆ ಬಂದರೆ ಹೊಟ್ಟೆಯೊಳಗಿನ ಅಂಗಗಳಿಗೆ ಜಾಗ ಬೇಕಲ್ಲ. ಹೊಟ್ಟೆ ಮುಂದೆ ಬರುತ್ತದೆ, ಪಕ್ಕೆ ಅಗಲವಾಗುತ್ತದೆ, ತಳದ ಸ್ನಾಯು ಸ್ವಲ್ಪ ಸಡಿಲವಾಗಿ ಕೆಳಗಿಳಿಯುತ್ತದೆ. ಉಸಿರು ಬಿಟ್ಟಾಗ ವಪೆ ಮೇಲೆ ಹೋಗುತ್ತದೆ, ಅದರ ಹಿಂದೆಯೇ ತಳವೂ ಮೇಲೆ ಬರುತ್ತದೆ.

ಇದು ಯೋಗದ ಮಾಸ್ತರರ ಕಲ್ಪನೆ ಅಲ್ಲ. ಆಸ್ಟ್ರಿಯಾದ ಸಂಶೋಧಕರ ತಂಡವೊಂದು ಆರೋಗ್ಯವಂತ ಹೆಂಗಸರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಉಸಿರಾಡುವಾಗಲೂ ಕೆಮ್ಮುವಾಗಲೂ ಚಿತ್ರ ತೆಗೆದು 2011ರಲ್ಲಿ ಪ್ರಕಟಿಸಿತು. ವಪೆ ಮತ್ತು ತಳದ ಸ್ನಾಯು ಒಂದೇ ದಿಕ್ಕಿನಲ್ಲಿ ಜೊತೆಜೊತೆಗೆ ಚಲಿಸುವುದು ಅದರಲ್ಲಿ ಕಂಡಿತು. ನಿಮಿಷಕ್ಕೆ 15 ಉಸಿರು ಎಂದು ಲೆಕ್ಕ ಹಾಕಿದರೆ ದಿನಕ್ಕೆ 21,600 ಸಲ. (ಹಳೆಯ ಯೋಗಗ್ರಂಥಗಳು ದಿನದ ಉಸಿರಿಗೆ ಹೇಳುವ ಸಂಖ್ಯೆಯೂ ಸರಿಯಾಗಿ ಇದೇ. ಕ್ಯಾಲ್ಕುಲೇಟರ್‌ನಲ್ಲಿ ಅದು ಬಂದಾಗ ನಾನು ಎರಡು ಸಲ ಗುಣಿಸಿ ನೋಡಿದೆ.) ಅಂದರೆ ನೀವು ಏನೂ ಮಾಡದೆ ಕುಳಿತರೂ ತಳದ ಸ್ನಾಯು ದಿನಕ್ಕೆ ಇಪ್ಪತ್ತು ಸಾವಿರ ಸಲ ಇಳಿದು ಏರುತ್ತಿರುತ್ತದೆ.

ತೊಂದರೆ ಶುರುವಾಗುವುದು ನಾವು ಈ ಲಯವನ್ನು ಮಧ್ಯದಲ್ಲಿ ನಿಲ್ಲಿಸಿದಾಗ. ಗಂಟಲು ಮುಚ್ಚಿ ದಮ್ಮು ಹಿಡಿದರೆ ವಪೆ ಕೆಳಗೇ ನಿಲ್ಲುತ್ತದೆ. ಅದರ ಮೇಲೆ ಹೊಟ್ಟೆಯನ್ನು ಬಿಗಿ ಹಿಡಿದರೆ ಮುಂದಕ್ಕೂ ದಾರಿ ಇಲ್ಲ. ನೀರು ತುಂಬಿದ ಬಲೂನನ್ನು ಮೇಲಿನಿಂದಲೂ ಬದಿಯಿಂದಲೂ ಅದುಮಿದರೆ ಎಲ್ಲಿ ಉಬ್ಬುತ್ತದೆ? ಕೆಳಗೆ. ಗಟ್ಟಿಯಾದ ತಳ ಇದನ್ನು ತಡೆದುಕೊಳ್ಳುತ್ತದೆ. ಹೆರಿಗೆಯಿಂದಲೋ, ಮುಟ್ಟು ನಿಂತ ನಂತರದ ಹಾರ್ಮೋನಿನ ಬದಲಾವಣೆಯಿಂದಲೋ, ವರ್ಷಗಟ್ಟಲೆ ಕೆಮ್ಮಿನಿಂದಲೋ ಸೋತ ತಳ ತಡೆದುಕೊಳ್ಳುವುದಿಲ್ಲ. ಮೊದಲು ಒಂದೆರಡು ಹನಿ ಮೂತ್ರ ಸೋರುತ್ತದೆ. ಹೆಚ್ಚಾದರೆ ಗರ್ಭಕೋಶವೋ ಮೂತ್ರಕೋಶವೋ ಜಾರಿ, ಕೆಳಗೆ ಏನೋ ಬಂದ ಹಾಗೆ ಅನಿಸುತ್ತದೆ.

ಗುಡ್ಡ, ತೋಟ, ಬೀಡಿ

ನಮ್ಮ ಬೆಳ್ತಂಗಡಿ ಸೀಮೆಯ ಮನೆಗಳ ಜಾಗ ನೋಡಿದವರಿಗೆ ಗೊತ್ತು. ಮನೆ ಗುಡ್ಡದ ಬದಿಯಲ್ಲಿ, ತೋಟ ಕೆಳಗೆ ತಗ್ಗಿನಲ್ಲಿ. ಅಡಿಕೆ ಹೆಕ್ಕಿ ಹೆಡಿಗೆ ತುಂಬಿಸಿದರೆ ಅದು ಮೇಲೆ ಅಂಗಳಕ್ಕೆ ಬರಬೇಕು. ಹಟ್ಟಿಗೆ ಸೊಪ್ಪು ಗುಡ್ಡದಿಂದ ಇಳಿದು ಬರಬೇಕು, ಗೊಬ್ಬರ ಹಟ್ಟಿಯಿಂದ ತೋಟಕ್ಕೆ ಹೋಗಬೇಕು. ಈಗ ಪಂಪು, ಪೈಪು, ಪಿಕಪ್ ಎಲ್ಲ ಬಂದಿವೆ ನಿಜ. ಆದರೂ ತಲೆಯ ಮೇಲೆ, ಸೊಂಟದ ಮೇಲೆ ಬರುವ ಭಾರ ಪೂರ್ತಿ ನಿಂತಿಲ್ಲ, ಹೊರುವವರಲ್ಲಿ ಹೆಂಗಸರೇ ಜಾಸ್ತಿ. ಅದೂ ಬಾಣಂತನ ಮುಗಿದ ಮರುವಾರದಿಂದ.

ಹಾಗಂತ "ಅಜ್ಜಿಯರ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಅವರು ಏಳೆಂಟು ಹೆತ್ತವರು. ಇತ್ತು, ಹೇಳುತ್ತಿರಲಿಲ್ಲ. ಆದರೆ ಅವರ ಕೆಲಸದಲ್ಲಿ ಒಂದು ಸಂಗತಿ ಮಾತ್ರ ನಮಗಿಂತ ಚೆನ್ನಾಗಿತ್ತು: ಕೆಲಸಕ್ಕೊಂದು ಸದ್ದಿತ್ತು. ಭತ್ತ ಕುಟ್ಟುವಾಗ ಒನಕೆ ಬೀಳುವ ಹೊತ್ತಿಗೆ ಬಾಯಿಂದ "ಹುಂ" ಎಂದು ಹೊರಡುತ್ತದಲ್ಲ, ಅದು ಬಿಡುವ ಉಸಿರು. ಬಟ್ಟೆಯನ್ನು ಕಲ್ಲಿಗೆ ಬಡಿಯುವಾಗ "ಹುಸ್ಸ್", ನೇಜಿ ನೆಡುವಾಗ 'ಓ ಬೇಲೆ' ಹಾಡು. ಹಾಡುವವರು ದಮ್ಮು ಹಿಡಿಯಲು ಸಾಧ್ಯವೇ ಇಲ್ಲ. ಯಾರೂ ತಳದ ಸ್ನಾಯುವನ್ನು ಯೋಚಿಸಿ ಇದನ್ನು ಮಾಡಿದ್ದಲ್ಲ, ಬೇಸರ ಕಳೆಯಲು, ಕೈಗೆ ಲಯ ಸಿಗಲು ಮಾಡಿದ್ದು. ಹಾಡು ಇದ್ದ ಕೆಲಸಗಳು ಹೋದವು, ದಮ್ಮು ಹಿಡಿಯುವ ಕೆಲಸಗಳು ಉಳಿದವು.

ಬೀಡಿಯ ಕಥೆ ಬೇರೆ. ಬಂಟ್ವಾಳ, ಬೆಳ್ತಂಗಡಿ ಕಡೆ ಸಾವಿರಾರು ಮನೆಗಳಲ್ಲಿ ಮಕ್ಕಳ ಫೀಸು, ಮಗಳ ಚಿನ್ನ ಎಲ್ಲ ಬೀಡಿ ಕಟ್ಟಿಯೇ ಆದದ್ದು. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು, ಬೆನ್ನು ಬಗ್ಗಿಸಿ, ಗಂಟೆಗಟ್ಟಲೆ ಕೂರುವ ಕೆಲಸ. ಹಾಗೆ ಮುದುಡಿ ಕುಳಿತರೆ ಪಕ್ಕೆ ಅಗಲವಾಗಲು ಜಾಗ ಸಿಗುವುದಿಲ್ಲ, ಉಸಿರು ಎದೆಯ ಮೇಲ್ಭಾಗದಲ್ಲೇ ಹೋಗಿ ಬರುತ್ತದೆ. ಜೊತೆಗೆ ಹೊಗೆಸೊಪ್ಪಿನ ಧೂಳು, ಧೂಳಿನಿಂದ ಕೆಮ್ಮು. ತಳದ ಮೇಲೆ ಒಮ್ಮೆಲೇ ಬೀಳುವ ಒತ್ತಡದಲ್ಲಿ ಕೆಮ್ಮಿನದ್ದು ದೊಡ್ಡದು. ನಮ್ಮ ನೆರೆಮನೆಯ ಅಕ್ಕ ಬೀಡಿ ಬ್ರಾಂಚಿಗೆ ನಡೆದು ಹೋಗುವುದನ್ನು ಬಿಟ್ಟು ಮಗನನ್ನು ಕಳಿಸತೊಡಗಿದ್ದರು. ಗಂಟು ನೋವು ಎಂದು ನಾವೆಲ್ಲ ಭಾವಿಸಿದ್ದೆವು. ನಾನು ನನ್ನ ಕಥೆ ಹೇಳಿದ ಮೇಲೆ ಅವರ ಬಾಯಿ ಬಿಟ್ಟಿತು: "ಎಂತ ಮಾಡುದು ಮಾರಾಯ್ತಿ, ದಾರಿಯಲ್ಲಿ ಕೆಮ್ಮು ಬಂದ್ರೆ ಸೀರೆ ಚಂಡಿ ಆಗ್ತದೆ. ಬ್ರಾಂಚಲ್ಲಿ ಗಂಡಸ್ರು ಇರ್ತಾರೆ." ಎಷ್ಟು ವರ್ಷದಿಂದ ಎಂದು ಕೇಳಿದೆ. "ಸಣ್ಣವ ಹುಟ್ಟಿದ ಮೇಲೆ" ಅಂದರು. ಸಣ್ಣವ ಈಗ ಡಿಗ್ರಿ ಮುಗಿಸಿದ್ದಾನೆ.

ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಸುಮಾರು ಮೂವರಲ್ಲಿ ಒಬ್ಬ ಹೆಂಗಸಿಗೆ ಮೂತ್ರ ಸೋರುವ ತೊಂದರೆ ಇರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಹೇಳುತ್ತಾರೆ. ನಿಮ್ಮ ಟೀಮಿನಲ್ಲಿ ಹೆರಿಗೆ ರಜೆ ಮುಗಿಸಿ ಬಂದವರು ಮೂವರಿದ್ದರೆ ಲೆಕ್ಕ ಹಾಕಿಕೊಳ್ಳಿ.

ಹೆರಿಗೆ ಕೋಣೆಯ ಮಾತೂ ಇಲ್ಲಿ ಬರಲೇಬೇಕು. "ದಮ್ಮು ಹಿಡಿ, ಮುಕ್ಕು, ಮುಕ್ಕು, ಬಿಡ್ಬೇಡ" ಎಂದು ಸುತ್ತ ನಿಂತವರು ಕೂಗುವುದು ನಮ್ಮಲ್ಲಿ ಮಾಮೂಲು. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ, ಮಗು ಹೊರಬರುವ ಹಂತದಲ್ಲಿ ತಾಯಿ ತನಗೆ ಒತ್ತಡ ಬಂದಾಗ ತನ್ನ ಬಯಕೆಯಂತೆ ಮುಕ್ಕಲು ಬಿಡಬೇಕು, ಅದಕ್ಕೆ ಬೆಂಬಲ ಕೊಡಬೇಕು ಎಂದಿದೆ. ಮೇಲಿನಿಂದ ಹೊಟ್ಟೆ ಒತ್ತಿ ಮಗುವನ್ನು ತಳ್ಳುವುದನ್ನು ಬೇಡ ಎಂದಿದೆ. ಬಸುರಿಯಾಗಿರುವವರು ಇದನ್ನು ಮೊದಲೇ ನಿಮ್ಮ ಡಾಕ್ಟರ ಹತ್ತಿರ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಆ ಹೊತ್ತಿನಲ್ಲಿ ಚರ್ಚೆ ಮಾಡಲು ಆಗುವುದಿಲ್ಲ.

ಬಾಣಂತಿಯ ಹೊಟ್ಟೆಗೆ ಬಟ್ಟೆ ಸುತ್ತುವುದರ ಬಗ್ಗೆ ತುಂಬ ಜನ ಕೇಳುತ್ತಾರೆ. ಹದವಾಗಿ ಕಟ್ಟಿದರೆ ಸೊಂಟಕ್ಕೆ ಆಧಾರ ಅನಿಸುತ್ತದೆ. ಕಟ್ಟಿದ ಮೇಲೆ ಉಸಿರು ಎಳೆದು ನೋಡಿ. ಪಕ್ಕೆಯೂ ಹೊಟ್ಟೆಯೂ ಅಲುಗದಷ್ಟು ಬಿಗಿ ಇದ್ದರೆ ಸಡಿಲ ಮಾಡಿಸಿಕೊಳ್ಳಿ, ಅಜ್ಜಿ ಎಷ್ಟೇ ಬೈದರೂ.

ಉಸಿರೊಂದೇ ಸಾಕೇ?

ಸಾಕಾಗುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಇನ್‌ಸ್ಟಾಗ್ರಾಂ ರೀಲ್‌ಗಳಲ್ಲಿ "ಐದು ನಿಮಿಷ ಹೀಗೆ ಉಸಿರಾಡಿ, ಎಲ್ಲ ಸರಿ" ಎನ್ನುವವರು ಬೇಕಾದಷ್ಟಿದ್ದಾರೆ. ಗಟ್ಟಿಯಾದ ಆಧಾರ ಇರುವುದು ತಳದ ಸ್ನಾಯುವಿನ ವ್ಯಾಯಾಮಕ್ಕೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ಸ್ನಾಯುವಿನ ವ್ಯಾಯಾಮದ ಬಗ್ಗೆ ಬರೆದರು, ಅದಕ್ಕೆ ಇಂದಿಗೂ ಕೆಗೆಲ್ ಎಂದೇ ಹೆಸರು. 2018ರ ಕಾಕ್ರೇನ್ ವಿಮರ್ಶೆ 14 ದೇಶಗಳ 31 ಪ್ರಯೋಗಗಳನ್ನು ಸೇರಿಸಿ ನೋಡಿತು. ಕೆಮ್ಮು-ಸೀನಿಗೆ ಸೋರುವ ತೊಂದರೆ ಇದ್ದವರಲ್ಲಿ, ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ ಸುಮಾರು 56 ಮಂದಿ ಗುಣವಾಯಿತು ಎಂದರು. ಮಾಡದವರಲ್ಲಿ ಹಾಗೆ ಹೇಳಿದವರು 6 ಮಂದಿ. ಮಾತ್ರೆ ಇಲ್ಲ, ಕತ್ತರಿ ಇಲ್ಲ.

ಹಾಗಾದರೆ ಉಸಿರಿನ ಪಾತ್ರ ಏನು? ಸ್ನಾಯು ಗಟ್ಟಿ ಇದ್ದರಷ್ಟೇ ಸಾಲದು, ಸರಿಯಾದ ಹೊತ್ತಿಗೆ ಕೆಲಸ ಮಾಡಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸರ್ವರ್ ದೊಡ್ಡದಿದ್ದು ರೆಸ್ಪಾನ್ಸ್ ತಡವಾದರೆ ಬಳಕೆದಾರನಿಗೆ ಏನು ಉಪಯೋಗ? ಆರೋಗ್ಯವಂತ ದೇಹದಲ್ಲಿ ಕೆಮ್ಮು ಸ್ಫೋಟವಾಗುವ ಕ್ಷಣಾರ್ಧ ಮೊದಲೇ ತಳ ಬಿಗಿಯಾಗಿರುತ್ತದೆ. ಹೆರಿಗೆಯ ನಂತರ ಈ ಮುನ್ಸೂಚನೆ ತಪ್ಪಿಹೋಗಬಹುದು. ಅದನ್ನು ಮತ್ತೆ ಕಲಿಸಬಹುದು. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನ ನನಗೆ ತುಂಬ ಇಷ್ಟ. ಸೋರುವ ತೊಂದರೆ ಇದ್ದ 27 ಹಿರಿಯ ಹೆಂಗಸರಿಗೆ ಕಲಿಸಿದ್ದು ಒಂದೇ: ಕೆಮ್ಮುವ ಮೊದಲು ತಳವನ್ನು ಬಿಗಿ ಹಿಡಿಯಿರಿ, ಕೆಮ್ಮು ಮುಗಿಯುವವರೆಗೆ ಬಿಡಬೇಡಿ. ಒಂದೇ ವಾರದಲ್ಲಿ, ಸ್ನಾಯು ಬಲಗೊಳ್ಳಲು ಸಮಯವೇ ಇಲ್ಲದಷ್ಟು ಬೇಗ, ಸಾಧಾರಣ ಕೆಮ್ಮಿಗೆ ಸೋರುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಆಳದ ಕೆಮ್ಮಿಗೂ ಬಹಳ ಕಡಿಮೆಯಾಯಿತು. ನೆರೆಮನೆಯ ಅಕ್ಕನಿಗೆ ನಾನು ಮೊದಲು ಹೇಳಿಕೊಟ್ಟದ್ದು ಇದನ್ನೇ.

ಸೊಂಟ ನೋವಿನವರಿಗೂ ಒಂದು ಮಾತು. ಆಸ್ಟ್ರೇಲಿಯಾದಲ್ಲಿ 38 ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿ ನೋಡಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆನ್ನುನೋವಿಗೆ ದಪ್ಪಗಿರುವುದಕ್ಕಿಂತಲೂ ಉಸಿರಾಟದ ತೊಂದರೆ ಮತ್ತು ಮೂತ್ರ ಸೋರುವ ತೊಂದರೆಯ ಜೊತೆಗೇ ಹೆಚ್ಚು ನಂಟು ಕಂಡಿತು. ಒಂದರಿಂದ ಇನ್ನೊಂದು ಬರುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಮೂರನ್ನೂ ಬೇರೆ ಬೇರೆ ಡಾಕ್ಟರ ಹತ್ತಿರ ತೋರಿಸುತ್ತಿರುವವರು ಮೂರನ್ನೂ ಒಬ್ಬರ ಎದುರು ಒಟ್ಟಿಗೆ ಹೇಳುವುದು ಒಳ್ಳೆಯದು.

ಬಿಡಲು ಗೊತ್ತಿಲ್ಲದ ಸ್ನಾಯು

ಇಲ್ಲಿಯವರೆಗೆ ಸೋತ ಸ್ನಾಯುವಿನ ಮಾತಾಯಿತು. ನನ್ನಂತೆ ಲ್ಯಾಪ್‌ಟಾಪಿನ ಮುಂದೆ ಬದುಕುವ ಬಹಳ ಹುಡುಗಿಯರ ಕಷ್ಟ ಇದರ ಉಲ್ಟಾ. ತಳ ಯಾವಾಗಲೂ ಬಿಗಿ, ಸಡಿಲ ಮಾಡಲು ಗೊತ್ತೇ ಇಲ್ಲ. ಮೂತ್ರಕ್ಕೆ ಕುಳಿತರೆ ಬೇಗ ಶುರುವಾಗುವುದಿಲ್ಲ, ಮಲಬದ್ಧತೆ, ಟ್ಯಾಂಪೂನ್ ಹಾಕಲು ನೋವು, ಗಂಡನ ಜೊತೆ ಸೇರುವಾಗ ನೋವು. ಮದುವೆಯಾಗಿ ವರ್ಷವಾದರೂ ಈ ನೋವನ್ನು ಯಾರಿಗೂ ಹೇಳದವರು ಇದ್ದಾರೆ. "ಮೊದಮೊದಲು ಹಾಗೇ" ಎಂದು ಯಾರೋ ಹೇಳಿದ್ದನ್ನು ನಂಬಿಕೊಂಡವರು. ಇಂಥವರು ರೀಲ್ ನೋಡಿ ಕೆಗೆಲ್ ಶುರು ಮಾಡಿದರೆ ಮೊದಲೇ ಬಿಗಿದ ಗಂಟನ್ನು ಇನ್ನಷ್ಟು ಎಳೆದ ಹಾಗೆ. ಇವರಿಗೆ ಮೊದಲು ಬೇಕಾದ್ದು ಬಿಡುವುದನ್ನು ಕಲಿಯುವುದು. ಉಸಿರು ನೇರವಾಗಿ ಕೆಲಸಕ್ಕೆ ಬರುವುದು ಇಲ್ಲೇ. ನಿಧಾನವಾಗಿ ಉಸಿರು ಎಳೆದಾಗ ತಳ ತಾನಾಗಿ ಸಡಿಲವಾಗುತ್ತದೆ, ಅದನ್ನು ಗಮನಿಸಲು ಕಲಿತರೆ ಬಿಗಿ ಎಲ್ಲಿದೆ ಎಂದು ತಿಳಿಯುತ್ತದೆ.

ಲಿಂಡಾ ಸ್ಟೋನ್ ಎಂಬ ಮಾಜಿ ಮೈಕ್ರೋಸಾಫ್ಟ್ ಉದ್ಯೋಗಿ 2008ರಲ್ಲಿ 'ಇಮೇಲ್ ಆಪ್ನಿಯಾ' ಎಂಬ ಹೆಸರು ಕೊಟ್ಟರು. ಮೇಲ್ ಓದುವಾಗ, ಉತ್ತರ ಬರೆಯುವಾಗ ನಾವು ಗೊತ್ತಿಲ್ಲದೆ ಉಸಿರು ಹಿಡಿಯುತ್ತೇವೆ ಎಂಬುದು ಅವರ ಗಮನಕ್ಕೆ ಬಂದ ಸಂಗತಿ. ಅದು ಆಸ್ಪತ್ರೆಯ ಪ್ರಯೋಗ ಅಲ್ಲ, ಆದರೆ ಪ್ರೊಡಕ್ಷನ್ ಇಶ್ಯೂ ಬಂದ ರಾತ್ರಿ ನಿಮ್ಮ ಉಸಿರನ್ನು ಒಮ್ಮೆ ನೋಡಿ. ಚಾರ್ಮಾಡಿ ಕಡೆ ಮಳೆ ಹಿಡಿದು ಕರೆಂಟ್ ಹೋಗಿ, ಮೀಟಿಂಗ್ ಮಧ್ಯದಲ್ಲಿ ಇನ್ವರ್ಟರ್ ಕೂಗಲು ಶುರುವಾದರೆ ನನ್ನದಂತೂ ನಿಂತೇ ಹೋಗಿರುತ್ತದೆ. ಇದರ ಮೇಲೆ ಫೋಟೋದಲ್ಲಿ ಚಂದ ಕಾಣಲಿ ಎಂದು ದಿನವಿಡೀ ಹೊಟ್ಟೆ ಒಳಗೆಳೆದುಕೊಂಡು ಇರುವುದು ಬೇರೆ. ಹೊಟ್ಟೆ ಹೊರಗೆ ಬರಲು ಬಿಡಿ. ಉಸಿರಾಡುವ ಹೊಟ್ಟೆ ಹಾಗೇ ಇರುವುದು.

ಯೋಗ ಮಾಡುವವರಿಗೆ ಇಷ್ಟರಲ್ಲಿ ಮೂಲಬಂಧ ನೆನಪಾಗಿರಬೇಕು. ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲೇ 'ಯೋಗ ಮಕರಂದ' ಬರೆದರು. ಅವರ ಶಿಷ್ಯ ಪಟ್ಟಾಭಿ ಜೋಯಿಸರ 'ಯೋಗ ಮಾಲಾ' 1962ರಲ್ಲಿ ಬಂತು, ಅದೂ ಕನ್ನಡದಲ್ಲಿ. ಜೋಯಿಸರ ಪದ್ಧತಿಯಲ್ಲಿ ಉಸಿರು ಮತ್ತು ಮೂಲಬಂಧ ಎರಡೂ ಆಸನದಷ್ಟೇ ಮುಖ್ಯ. ತಳವನ್ನು ಮೇಲಕ್ಕೆ ಎಳೆಯುವುದು ಕೆಗೆಲ್‌ಗಿಂತ ಶತಮಾನಗಳ ಹಿಂದೆಯೇ ನಮಗೆ ಗೊತ್ತಿತ್ತು ಎಂದು ಹೆಮ್ಮೆ ಪಡಲು ಅಡ್ಡಿಯಿಲ್ಲ. ಆದರೆ ಹಠಯೋಗದ ಹಳೆಯ ಗ್ರಂಥಗಳು ಬರೆದದ್ದು ಹೆತ್ತ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲ. ಅಲ್ಲಿ ಬಂಧ ಬರುವುದು ಕುಂಭಕದ, ಅಂದರೆ ಉಸಿರು ಹಿಡಿಯುವುದರ ಜೊತೆಗೆ. ಸೋರುವ ತೊಂದರೆ ಇರುವವರು ಉಸಿರು ಬಿಡುತ್ತಾ ಮಾಡುವುದು ಸುರಕ್ಷಿತ. ಕಪಾಲಭಾತಿಯ ಝಟಕಾ ಉಸಿರು ಹೊಟ್ಟೆಯ ಒತ್ತಡವನ್ನು ಮತ್ತೆ ಮತ್ತೆ ಏರಿಸುತ್ತದೆ. ಬಸುರಿಯರು, ಹೊಸ ಬಾಣಂತಿಯರು, ಸೋರುವ ಅಥವಾ ಜಾರಿದ ತೊಂದರೆ ಇರುವವರು ಪರೀಕ್ಷೆ ಮಾಡಿಸಿಕೊಳ್ಳದೆ ಅದನ್ನು ಮಾಡಬೇಡಿ. ನಮ್ಮಲ್ಲಿಂದ ನಾಲ್ಕು ಹೆಜ್ಜೆ ದೂರದ ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಕಾಲೇಜೇ ಉಂಟು. ಕೇಳಿ ಕಲಿಯಲು ಹತ್ತಿರದಲ್ಲಿ ಓದಿದವರಿರುವಾಗ ಯೂಟ್ಯೂಬನ್ನೇ ಯಾಕೆ ನಂಬಬೇಕು?

ಮನೆಯಲ್ಲಿ ಮಾಡಿ ನೋಡಲು

ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಪಕ್ಕೆಯ ಬದಿಗೆ. ಮೂಗಿನಿಂದ ಮೂರು ನಾಲ್ಕು ಸೆಕೆಂಡು ಉಸಿರು ಎಳೆಯಿರಿ. ಎರಡೂ ಕೈ ಸ್ವಲ್ಪ ಅಲುಗಬೇಕು, ಭುಜ ಕಿವಿಯ ಕಡೆ ಏರಬಾರದು. ತಳ ಸಡಿಲವಾಗಿ ಹರಡಿದ ಹಾಗೆ ಅನಿಸಲಿ. ಮೊದಲ ದಿನ ಏನೂ ಅನಿಸುವುದಿಲ್ಲ, ಚಿಂತೆ ಬೇಡ. ಬಿಗಿ ಇರುವವರು ಕೆಲವು ವಾರ ಇಷ್ಟನ್ನೇ ಮಾಡಿದರೂ ಸಾಕು.

ಸೋರುವ ತೊಂದರೆ ಇರುವವರು ಮುಂದುವರಿಯಿರಿ. ಸೀಟಿ ಊದುವ ಹಾಗೆ ಬಾಯಿಂದ ಮೆಲ್ಲಗೆ ಉಸಿರು ಬಿಡುತ್ತಾ, ನಾಲ್ಕು ಜನರ ಮಧ್ಯೆ ವಾಯು ತಡೆಯುವ ಹಾಗೆ ಹಿಂದಿನಿಂದ ಮುಂದಕ್ಕೆ ಎಳೆದುಕೊಂಡು ಮೇಲಕ್ಕೆತ್ತಿ. ತೊಡೆ, ಪೃಷ್ಠ ಬಿಗಿಯಬಾರದು. ಹಿಡಿದಿರುವಾಗ ಜೋರಾಗಿ "ಒಂದು, ಎರಡು, ಮೂರು" ಎಣಿಸಿ, ಬಾಯಲ್ಲಿ ಎಣಿಸುವವರು ದಮ್ಮು ಹಿಡಿಯಲು ಆಗುವುದಿಲ್ಲ. ಆಮೇಲೆ ಪೂರ್ತಿ ಬಿಡಿ, ಬಿಡುವುದೂ ವ್ಯಾಯಾಮವೇ. ಬ್ರಿಟನ್ನಿನ ನೈಸ್ ಮಾರ್ಗಸೂಚಿ ಹೇಳುವುದು ಒಮ್ಮೆಗೆ ಕನಿಷ್ಠ 8 ಸಲ, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು, ಅದೂ ತಿಳಿದವರ ಮೇಲ್ವಿಚಾರಣೆಯಲ್ಲಿ. ಒಂದು ವಾರ ಮಾಡಿ ಬಿಟ್ಟರೆ ಫಲ ಹುಡುಕಬೇಡಿ. ಮೂತ್ರ ಮಾಡುವಾಗ ಮಧ್ಯದಲ್ಲಿ ನಿಲ್ಲಿಸಿ ಅಭ್ಯಾಸ ಮಾಡುವುದು ಮಾತ್ರ ಬೇಡ.

ಉಳಿದದ್ದು ದಿನದ ಕೆಲಸದ ಒಳಗೇ ಇದೆ. ಭಾರ ಎತ್ತುವ ಮೊದಲು ಉಸಿರು ಎಳೆದುಕೊಳ್ಳಿ, ಬಿಡಲು ಶುರು ಮಾಡಿ, ತಳ ಮೇಲಕ್ಕೆ ಬರಲಿ, ಆಮೇಲೆ ಎತ್ತಿ. ಕೊಡಪಾನ, ಗ್ಯಾಸ್ ಸಿಲಿಂಡರ್, ಮಗು, ಬಸ್ಸಿನ ಮೇಲಿನ ರ‍್ಯಾಕಿಗೆ ಇಡುವ ಬ್ಯಾಗು, ಎಲ್ಲಕ್ಕೂ ಇದೇ. ಬಾಯಲ್ಲಿ "ಹುಂ" ಎಂದರೂ ಆದೀತು. ಜಿಮ್ಮಿನಲ್ಲಿ ತುಂಬ ದೊಡ್ಡ ಭಾರ ಎತ್ತುವವರ ತಂತ್ರ ಬೇರೆ, ಅದನ್ನು ಕೋಚ್ ಹತ್ತಿರ ಕೇಳಬೇಕು. ಪಾಯಿಖಾನೆಯಲ್ಲಿ ಮುಕ್ಕುವುದು ಬಿಡಿ. ಈಗ ಊರಲ್ಲೂ ಕಮೋಡ್ ಬಂದಿದೆ, ಕಾಲಡಿಗೆ ಒಂದು ಮಣೆ ಇಟ್ಟು ಮಂಡಿ ಎತ್ತರ ಮಾಡಿಕೊಳ್ಳಿ, ಬಾಯಿಂದ ಉಸಿರು ಬಿಡಿ. ಬಸ್ಸಿಳಿದು ಮನೆಯ ಬೀಗಕ್ಕೆ ಕೀ ಹಾಕುವ ಹೊತ್ತಿಗೇ ತಡೆಯಲಾರದ ಅವಸರ ಬರುವವರು ಓಡಬೇಡಿ. ನಿಂತು, ತಳವನ್ನು ನಾಲ್ಕೈದು ಸಲ ಬಿಗಿದು ಬಿಟ್ಟು, ನಿಧಾನ ಉಸಿರಾಡಿ. ಅಲೆ ಇಳಿದ ಮೇಲೆ ನಡೆದು ಹೋಗಿ. ದೂರ ಪ್ರಯಾಣ ಎಂದು ನೀರು ಕುಡಿಯದೆ ಇರುವುದರಿಂದ ಮೂತ್ರ ಗಾಢವಾಗಿ ಅವಸರ ಹೆಚ್ಚಾಗಲೂಬಹುದು.

ಡಾಕ್ಟರ ಹತ್ತಿರ ಹೋಗಲೇಬೇಕಾದ ಸಂದರ್ಭಗಳಿವೆ. ಮೂತ್ರದಲ್ಲಿ ರಕ್ತ, ಉರಿ, ಜ್ವರ. ಮೂತ್ರ ಕಟ್ಟಿಕೊಂಡು ಬಾರದಿರುವುದು. ಯೋನಿಯಲ್ಲಿ ಗಡ್ಡೆಯಂತೆ ಏನೋ ಕೈಗೆ ಸಿಗುವುದು. ಮುಟ್ಟು ನಿಂತ ಮೇಲೆ ರಕ್ತಸ್ರಾವ. ತೊಡೆಯ ಮಧ್ಯೆ ಮರಗಟ್ಟುವುದು. ಹಳೆಯ ಕೆಮ್ಮು ಇದ್ದರೆ ಮೊದಲು ಕೆಮ್ಮಿಗೆ ಚಿಕಿತ್ಸೆ ಆಗಬೇಕು, ನೆರೆಮನೆಯ ಅಕ್ಕನ ವಿಷಯದಲ್ಲಿ ಆದದ್ದೂ ಅದೇ. ಕೆಮ್ಮು ಹತೋಟಿಗೆ ಬಂತು, ಬಿಗಿ ಹಿಡಿಯುವುದು ಅಭ್ಯಾಸವಾಯಿತು, ಈಗ ಬ್ರಾಂಚಿಗೆ ತಾವೇ ಹೋಗುತ್ತಾರೆ. ಪೂರ್ತಿ ನಿಂತಿಲ್ಲ, "ಮೊದ್ಲಿನ ಹಾಗೆ ಇಲ್ಲ" ಅಂತಾರೆ.

ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಕಷ್ಟವಾದದ್ದು ಮಾತು ಹುಡುಕುವುದೇ. "ಕೆಳಗೆ ತೊಂದರೆ" ಎಂದು ಹೇಳಿ ತಲೆ ತಗ್ಗಿಸಿದರು. ಅಷ್ಟರಿಂದ ಡಾಕ್ಟರಿಗೆ ಏನು ಗೊತ್ತಾಗಬೇಕು? ಹಾಗಾಗಿ ಹೋಗುವವರು ಇದನ್ನು ಫೋನಿನಲ್ಲಿ ಬರೆದುಕೊಂಡು ಹೋಗಿ: ಕೆಮ್ಮಿದರೆ, ಸೀನಿದರೆ ಸೋರುತ್ತದೋ, ಅವಸರವಾಗಿ ಓಡುವಾಗ ಸೋರುತ್ತದೋ. ದಿನಕ್ಕೆ ಎಷ್ಟು ಸಲ, ಎಷ್ಟು ಬಟ್ಟೆ ಅಥವಾ ಪ್ಯಾಡ್ ಬದಲಾಯಿಸಬೇಕಾಗುತ್ತದೆ. ಯಾವಾಗಿನಿಂದ. ಹೆರಿಗೆ ಎಷ್ಟು, ಹೊಲಿಗೆ ಬಿದ್ದಿತ್ತೋ ಇಲ್ಲವೋ. ಏನಾದರೂ ಇಳಿದು ಬಂದ ಹಾಗೆ ಅನಿಸುತ್ತದೋ, ಸಂಜೆ ಹೊತ್ತಿಗೆ ಅದು ಹೆಚ್ಚಾಗುತ್ತದೋ. ಸೇರುವಾಗ ನೋವುಂಟೋ. ಇಷ್ಟನ್ನು ಬಾಯಲ್ಲಿ ಹೇಳಲು ನಾಚಿಕೆಯಾದರೆ ಫೋನನ್ನೇ ಡಾಕ್ಟರ ಕೈಗೆ ಕೊಡಿ. ಅಮ್ಮನಿಗೋ ಅತ್ತೆಗೋ ಬರೆಯಲು ಬಾರದಿದ್ದರೆ ಕೂತು ಕೇಳಿ ನೀವೇ ಬರೆದುಕೊಡಿ. ಆಮೇಲೆ "ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ ಮಾಡಿಸಬಹುದಾ?" ಎಂದು ಕೇಳಿ. ಹತ್ತಿರದಲ್ಲಿ ಸಿಗದಿದ್ದರೆ ಮಂಗಳೂರಿನಲ್ಲಿ ವಿಚಾರಿಸಿ. ಒಮ್ಮೆ ಪರೀಕ್ಷೆ ಮಾಡಿಸಿಕೊಂಡ ಮೇಲೆ ಉಳಿದದ್ದನ್ನು ನಾನು ಮಾಡಿದ ಹಾಗೆ ವಿಡಿಯೋ ಕಾಲ್‌ನಲ್ಲೂ ಮುಂದುವರಿಸಬಹುದು, ಕರೆಂಟ್ ಇದ್ದರೆ.